ಪಿಕಪ್ ಬಾಡಿಯ ತಳಕ್ಕೆ ಏನು ಹಾಕಿಸಲಿ? ಮಳೆಗಾಲಕ್ಕೆ ಮುಂಚೆ ತೀರ್ಮಾನ ಮಾಡಬೇಕು

ತೋಟದಾಚೆ (ಮೇ 9)

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕು, ರಿಪ್ಪನ್‌ಪೇಟೆಯಿಂದ ಸ್ವಲ್ಪ ಒಳಗೆ. ಫೆಬ್ರವರಿಯಲ್ಲಿ ಬೊಲೆರೊ ಪಿಕಪ್ ತಗೊಂಡೆ, 1.7 ಟನ್ನಿನದು. ಮೂರು ತಿಂಗಳು ಆಗಿದೆ ಅಷ್ಟೇ, ಬಾಡಿಯ ತಳ ನೋಡಿದರೆ ಹೊಟ್ಟೆ ಉರಿಯುತ್ತದೆ. ಕೊಟ್ಟಿಗೆ ಕಟ್ಟಿಸಲು ಜಂಬಿಟ್ಟಿಗೆ ಕಲ್ಲು ನಾಲ್ಕು ಟ್ರಿಪ್ ಹೊಡೆದೆ. ಬಣ್ಣ ಎದ್ದು ತಗಡು ಕಾಣುತ್ತಿದೆ. ಮೊನ್ನೆ ಒಂದು ಅಡ್ಡ ಮಳೆ ಬಂತು, ಮಾರನೇ ದಿನ ಆ ಗೀರುಗಳೆಲ್ಲ ಕೆಂಪಗಾಗಿದ್ದವು.

ನಾನು ಹೇರುವುದು ಹಸಿ ಅಡಿಕೆ ಕೊನೆ, ಗೊಬ್ಬರದ ಚೀಲ, ಸಗಣಿ ಗೊಬ್ಬರ, ಹುಲ್ಲು, ಮದ್ದು ಹೊಡೆಯುವಾಗ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಡ್ರಮ್ಮು. ವರ್ಷಕ್ಕೆ ಎರಡು ಸಲ ಶಿವಮೊಗ್ಗ ಮಂಡಿಗೆ ಅಡಿಕೆ ಚೀಲ.

ಒಬ್ಬರು ಸ್ಪ್ರೇ ಲೈನಿಂಗ್ (ತಳಕ್ಕೆ ಗಟ್ಟಿ ಲೇಪ ಹೊಡೆಯುವುದು) ಮಾಡಿಸು ಎನ್ನುತ್ತಾರೆ. ಇನ್ನೊಬ್ಬರು ಚೆಕ್ಕರ್ ಪ್ಲೇಟ್ (ಉಬ್ಬು ಗೀಟಿರುವ ಲೋಹದ ಹಾಳೆ) ಕೂರಿಸು ಎನ್ನುತ್ತಾರೆ. ನಮ್ಮ ಭಾವ ಪ್ಲಾಸ್ಟಿಕ್ಕಿನ ಟ್ರೇ ತರದ್ದು ಬರುತ್ತದೆ, ಇಟ್ಟರೆ ಮುಗಿಯಿತು ಎನ್ನುತ್ತಾರೆ. ರೋಹಿಣಿ ಮಳೆಗೆ ಇನ್ನು ಎರಡು ವಾರ ಇದೆ. ಬಳಸಿದವರು ದಯವಿಟ್ಟು ಹೇಳಿ. ಅಂಗಡಿಯವರ ಮಾತು ಕೇಳಿ ಸಾಕಾಗಿದೆ.

ಘಾಟಿ ಡ್ರೈವರ್

ಚೆಕ್ಕರ್ ಪ್ಲೇಟ್ ಹಾಕಿಸಿ, ಹತ್ತು ವರ್ಷ ತಲೆ ನೋವಿಲ್ಲ. ಕಲ್ಲು ಹೇರುವವರಿಗೆ ಬೇರೆ ದಾರಿಯೇ ಇಲ್ಲ.

ಬೆಂಕಿಪುರ

ಘಾಟಿ ಡ್ರೈವರ್ ಅಣ್ಣ, ತೂಕ ಲೆಕ್ಕ ಹಾಕಿದ್ದೀರಾ? 9 ಅಡಿ ಉದ್ದ, ಐದೂವರೆ ಅಡಿ ಅಗಲ ಅಂದರೆ ಹತ್ತಿರ ಹತ್ತಿರ 50 ಚದರ ಅಡಿ. 3 ಮಿ.ಮೀ. ಕಬ್ಬಿಣದ ಪ್ಲೇಟ್ ಅಷ್ಟು ಜಾಗಕ್ಕೆ 110 ಕೆಜಿಗಿಂತ ಮೇಲೆ ಬರುತ್ತದೆ. ಎರಡು ಚೀಲ ಅಡಿಕೆಯ ತೂಕವನ್ನು ಖಾಲಿ ಗಾಡಿಯಲ್ಲೂ ಹೊತ್ತು ತಿರುಗಿದ ಹಾಗೆ. ಡೀಸೆಲ್ ಯಾರು ಕೊಡುತ್ತಾರೆ?

ಘಾಟಿ ಡ್ರೈವರ್

ತೂಕ ಇರಲಿ ಮಾರಾಯ್ರೆ. ತಳ ತೂತಾದರೆ ಡೀಸೆಲ್ ಉಳಿಸಿ ಏನು ಮಾಡುವುದು? ಬೇಕಿದ್ದರೆ ಅಲ್ಯೂಮಿನಿಯಂ ಹಾಕಿಸಲಿ, ಮೂರನೇ ಒಂದು ಪಾಲು ತೂಕ.

ಬೆಂಕಿಪುರ

ಅಲ್ಯೂಮಿನಿಯಂ ಇನ್ನೂ ಬೇಡ. ಕಬ್ಬಿಣದ ಮೇಲೆ ಅಲ್ಯೂಮಿನಿಯಂ ಕೂತು, ಮಧ್ಯೆ ಗೊಬ್ಬರದ ನೀರು ನಿಂತರೆ ಬ್ಯಾಟರಿಯ ಹಾಗೆ ಕೆಲಸ ಶುರುವಾಗುತ್ತದೆ. ಎರಡು ಬೇರೆ ಲೋಹ, ಮಧ್ಯೆ ಉಪ್ಪಿನ ನೀರು. ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತಿಂದುಹೋಗುತ್ತದೆ. ಮಧ್ಯೆ ರಬ್ಬರ್ ಶೀಟ್ ಹಾಕಿ, ಬೋಲ್ಟಿಗೂ ವಾಷರ್ ಹಾಕಿ ಕೂರಿಸಿದರೆ ಸರಿ. ಅಷ್ಟು ತಾಳ್ಮೆಯಿಂದ ಯಾವ ಗ್ಯಾರೇಜಿನಲ್ಲಿ ಮಾಡಿಕೊಡುತ್ತಾರೆ ಹೇಳಿ.

ನಾನು ಭದ್ರಾವತಿಯವನು. ಕಬ್ಬಿಣದ ಊರು. ತುಕ್ಕು ಅಂದರೆ ಏನು ಅಂತ ಅಪ್ಪ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಾರೆ: ಕಬ್ಬಿಣಕ್ಕೆ ಮಳೆ ಶತ್ರು ಅಲ್ಲ, ಒಣಗದೇ ನಿಂತ ನೀರು ಶತ್ರು. ಬಾಡಿಯ ಮೇಲೆ ಏನು ಹಾಕಿದರೂ ಮೊದಲು ಕೇಳಬೇಕಾದ್ದು ಅದರ ಅಡಿಗೆ ನೀರು ಹೋದರೆ ಹೊರಗೆ ಬರುವುದು ಹೇಗೆ ಅಂತ.

ಶುಂಠಿ ಗದ್ದೆ

ಇದು ನೂರಕ್ಕೆ ನೂರು ಸತ್ಯ. ನನ್ನ ಅನುಭವ ಬರೆಯುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ನಾನು ಸೊರಬದ ಕಡೆಯವನು, ಶುಂಠಿ ವ್ಯಾಪಾರ. ಹಳೇ ಪಿಕಪ್ಪಿಗೆ ಚೆಕ್ಕರ್ ಪ್ಲೇಟ್ ಕೂರಿಸಿ ನಾಲ್ಕೂ ಅಂಚಿಗೆ ಅಲ್ಲಲ್ಲಿ ವೆಲ್ಡಿಂಗ್ ಚುಕ್ಕೆ ಇಡಿಸಿದ್ದೆ. ಶುಂಠಿ ತೊಳೆದು ಹಸಿ ಹಸಿಯಾಗಿ ಹೇರುವುದು, ನೀರು ಸುರಿಯುತ್ತಲೇ ಇರುತ್ತದೆ. ನಾಲ್ಕು ಮಳೆಗಾಲ ಮೇಲಿಂದ ಏನೂ ಗೊತ್ತಾಗಲಿಲ್ಲ. ಪ್ಲೇಟ್ ಕಲ್ಲಿನ ಹಾಗೆ ಇತ್ತು. ಐದನೇ ವರ್ಷ ಹಿಂದಿನ ಮಡ್‌ಗಾರ್ಡ್ ಬದಲಿಸಲು ಗಾಡಿ ಎತ್ತಿದಾಗ ಮೆಕ್ಯಾನಿಕ್ ಹುಡುಗ ಕೆಳಗಿನಿಂದ ಸ್ಕ್ರೂಡ್ರೈವರ್ ತಾಗಿಸಿದ. ಅದು ಸೀದಾ ಒಳಗೆ ಹೋಯಿತು! ಹಪ್ಪಳ ಮುರಿದ ಹಾಗೆ ಪದರ ಪದರ ಕೆಳಗೆ ಬಿತ್ತು. ಪ್ಲೇಟ್ ಕಿತ್ತು ನೋಡಿದರೆ ಅಡಿಯಲ್ಲಿ ಕೆಂಪು ಮಣ್ಣು, ಶುಂಠಿ ಬೇರು, ಒಂದು ಇಂಚು ಕೆಸರು. ಮೂಲ ತಳ ಅನ್ನುವುದೇ ಉಳಿದಿರಲಿಲ್ಲ, ಪ್ಲೇಟೇ ತಳ ಆಗಿತ್ತು.

ಪ್ಲೇಟ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬೆಸುಗೆ ಹಾಕಿ ಕೂರಿಸಿದ್ದು ತಪ್ಪು. ಬೋಲ್ಟ್ ಹಾಕಿದ್ದರೆ ವರ್ಷಕ್ಕೊಮ್ಮೆ ಬಿಚ್ಚಿ ತೊಳೆಯಬಹುದಿತ್ತು.

ವೆಲ್ಡಿಂಗ್ ಶೆಡ್

ಒಂದು ಮಾತು ಸೇರಿಸುತ್ತೇನೆ. ಈಗಿನ ಬಿಎಸ್6 ಗಾಡಿಗೆ ಬಾಡಿಯಲ್ಲಿ ವೆಲ್ಡಿಂಗ್ ಮಾಡಿಸುವುದಾದರೆ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿಸಿ. ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್), ಸೆನ್ಸರ್ ಸುಟ್ಟರೆ ಪ್ಲೇಟಿನ ಹತ್ತು ಪಟ್ಟು ಖರ್ಚು. ಅರ್ತ್ ಕ್ಲಿಪ್ಪನ್ನು ಬೆಸುಗೆಯ ಪಕ್ಕದಲ್ಲೇ ಹಾಕಬೇಕು. ಡ್ರಿಲ್ ಹೊಡೆಯುವ ಮುಂಚೆ ಗಾಡಿಯ ಅಡಿಗೆ ಬಗ್ಗಿ ನೋಡಿ, ಡೀಸೆಲ್ ಪೈಪು, ವೈರಿಂಗು ಎಲ್ಲಿ ಹೋಗಿದೆ ಅಂತ. ತೂತು ಹೊಡೆದ ಮೇಲೆ ಅಂಚಿಗೆ ಪ್ರೈಮರ್ ಹಚ್ಚದೇ ಬೋಲ್ಟ್ ತಿರುಗಿಸಬೇಡಿ. ತುಕ್ಕು ಶುರುವಾಗುವುದು ಆ ತೂತಿನ ಬಾಯಲ್ಲೇ.

ಮಳೆಕಾಡು

ಸ್ಪ್ರೇ ಮಾಡಿಸಿ ಸ್ವಾಮಿ. ನೀರು ಅಡಿಗೆ ಹೋಗುವ ಪ್ರಶ್ನೆಯೇ ಇಲ್ಲ, ಯಾಕೆಂದರೆ ಅಡಿ ಅನ್ನುವುದೇ ಇಲ್ಲ. ತಗಡಿಗೇ ಅಂಟಿಕೊಂಡಿರುತ್ತದೆ. ನನ್ನ ಇಸುಜು ಪಿಕಪ್ ವಿ-ಕ್ರಾಸ್‌ಗೆ ಬೆಂಗಳೂರಿನಲ್ಲಿ ಮಾಡಿಸಿ ಮೂರು ವರ್ಷ ಆಯಿತು, ಒಂದು ಕಡೆಯೂ ಎದ್ದಿಲ್ಲ. ಬಿಸಿಲಿಗೆ ಕಪ್ಪು ಬಣ್ಣ ಬೂದಿ ಆಗಿದೆ, ಅಷ್ಟೇ.

ಘಾಟಿ ಡ್ರೈವರ್

ವಿ-ಕ್ರಾಸ್‌ನಲ್ಲಿ ಜಂಬಿಟ್ಟಿಗೆ ಹೇರಿದ್ದೀರಾ?

ಮಳೆಕಾಡು

ಇಲ್ಲ. ಕಾಫಿ ಗಿಡ, ಕಾಳುಮೆಣಸಿನ ಚೀಲ, ಪಂಪ್‌ಸೆಟ್. ಕಲ್ಲು ಹೇರಿಲ್ಲ, ಅದು ನಿಜ.

ಆಟೋ ಕಾಂಪ್ಲೆಕ್ಸ್ ಪೇಂಟರ್

ನನ್ನ ಕೆಲಸವೇ ಇದು, ಹಾಗಾಗಿ ಬರೆಯುತ್ತೇನೆ. ಸ್ಪ್ರೇ ಅನ್ನುವ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕೆಲಸ ನಡೆಯುತ್ತದೆ.

ಒಂದು ಪಾಲಿಯೂರಿಯಾ. ಎರಡು ದ್ರವ ಬಿಸಿ ಮಾಡಿ, ದೊಡ್ಡ ಒತ್ತಡದ ಯಂತ್ರದಲ್ಲಿ ಹೊಡೆಯುವುದು. ಕೆಲವೇ ಸೆಕೆಂಡಿನಲ್ಲಿ ಗಟ್ಟಿಯಾಗುತ್ತದೆ. ದಪ್ಪ ಬರುತ್ತದೆ, ಏಟು ತಡೆಯುತ್ತದೆ. ಯಂತ್ರವೇ ಲಕ್ಷಗಟ್ಟಲೆ, ಹಾಗಾಗಿ ಊರೂರಲ್ಲಿ ಸಿಗುವುದಿಲ್ಲ. ಇನ್ನೊಂದು ಬಾಟಲಿಯಲ್ಲಿ ಬರುವ ಪಾಲಿಯೂರಿಥೇನ್, ರಾಪ್ಟರ್ ಬ್ರ್ಯಾಂಡ್ ತರದ್ದು. ಮೂರು ಪಾಲು ಬಣ್ಣಕ್ಕೆ ಒಂದು ಪಾಲು ಹಾರ್ಡನರ್ ಬೆರೆಸಿ ಮಾಮೂಲಿ ಕಂಪ್ರೆಸರ್ ಗನ್ನಿನಲ್ಲೇ ಹೊಡೆಯಬಹುದು. ಇದು ತೆಳು. ಗೀರು ತಡೆಯುತ್ತದೆ, ಜಂಬಿಟ್ಟಿಗೆಯ ಮೂಲೆ ಬಿದ್ದರೆ ತಡೆಯುವುದಿಲ್ಲ.

ಎರಡರಲ್ಲೂ ಮುಕ್ಕಾಲು ಪಾಲು ಕೆಲಸ ಹೊಡೆಯುವ ಮುಂಚಿನದು. ಎಣ್ಣೆ ಜಿಡ್ಡು ತೆಗೆಯಬೇಕು, ಹೊಳಪು ಹೋಗುವವರೆಗೆ ಉಜ್ಜಬೇಕು, ಬರೀ ತಗಡು ಕಂಡಲ್ಲಿ ಎಪಾಕ್ಸಿ ಪ್ರೈಮರ್ ಕೊಡಬೇಕು, ಪೂರ್ತಿ ಒಣಗಬೇಕು. ಒಂದು ದಿನದಲ್ಲಿ ಮುಗಿಸಿ ಕೊಡುತ್ತೇನೆ ಅಂದವರ ಹತ್ತಿರ ಹೋಗಬೇಡಿ.

ಈಗ ಮುಖ್ಯ ವಿಷಯ. ಹಾರ್ಡನರ್‌ನಲ್ಲಿ ಐಸೋಸಯನೇಟ್ ಇರುತ್ತದೆ. ಅದು ನೀರಿನ ಜೊತೆ ಸೇರಿದರೆ ಗ್ಯಾಸ್ ಹುಟ್ಟಿ ಗುಳ್ಳೆ ಬರುತ್ತದೆ. ತಗಡಿನ ಮೇಲೆ ಕಣ್ಣಿಗೆ ಕಾಣದ ಪಸೆ ಇದ್ದರೂ ಸಾಕು. ತಗಡು ಇಬ್ಬನಿ ಕೂರುವ ಉಷ್ಣಾಂಶಕ್ಕಿಂತ ಕನಿಷ್ಠ 3 ಡಿಗ್ರಿ ಬಿಸಿ ಇರಬೇಕು ಅನ್ನುವುದು ನಮ್ಮ ಕೆಲಸದ ನಿಯಮ. ಮೇ ತಿಂಗಳ ಕೊನೆಯಲ್ಲಿ, ಮಧ್ಯಾಹ್ನ ಮೋಡ ಕಟ್ಟಿ ಸಂಜೆ ಗುಡುಗುವ ಸಮಯದಲ್ಲಿ, ತೆರೆದ ಶೆಡ್ಡಿನಲ್ಲಿ ಇದನ್ನು ಮಾಡಿಸಬೇಡಿ. ನಮ್ಮಲ್ಲಿ ಇದಕ್ಕೆ ಒಳ್ಳೇ ಕಾಲ ಜನವರಿಯಿಂದ ಮಾರ್ಚ್. ಬಂದ ಗಿರಾಕಿಯನ್ನು ವಾಪಸ್ ಕಳಿಸುವುದು ನನಗೂ ನಷ್ಟವೇ. ಆದರೂ ಹೇಳುತ್ತಿದ್ದೇನೆ.

ಕೊಟ್ಟಿಗೆ ಮನೆ

ಪೇಂಟರ್ ಅಣ್ಣ ಹೇಳಿದ್ದು ಮೊದಲೇ ಗೊತ್ತಿದ್ದರೆ ನನ್ನ ಮೂವತ್ತು ಸಾವಿರ ಉಳಿಯುತ್ತಿತ್ತು. ಜೂನ್ ಮೊದಲ ವಾರ ಒಂದು ಕಡೆ ಮಾಡಿಸಿದೆ. ಊರು, ಅಂಗಡಿ ಹೆಸರು ಬೇಡ. ಹೊಸ ಗಾಡಿಯ ಬಣ್ಣದ ಮೇಲೆ ಸರಿಯಾಗಿ ಉಜ್ಜದೇ ಹಾಗೇ ಹೊಡೆದಿದ್ದರು. ದಸರಾ ಹೊತ್ತಿಗೆ ಹಿಂದಿನ ಡೋರ್ ಪಕ್ಕ ಉಗುರು ಹಾಕಿದರೆ ಹಲಸಿನ ಹಣ್ಣಿನ ತೊಳೆ ಬಿಡಿಸಿದ ಹಾಗೆ ಬರುತ್ತಿತ್ತು. ಅಡಿಯಲ್ಲಿ ಗುಳ್ಳೆ, ಗುಳ್ಳೆಯೊಳಗೆ ನೀರು. ಕೇಳಲು ಹೋದರೆ ನೀವು ಕಲ್ಲು ಹೇರಿದ್ದೀರಿ ಎಂದರು. ನಾನು ಹೇರಿದ್ದು ಹಾಲಿನ ಕ್ಯಾನು, ಹಿಂಡಿ ಚೀಲ.

ಸಸಿಮಡಿ

ಅಯ್ಯೋ ಪಾಪ. ಆಮೇಲೆ ಏನು ಮಾಡಿದಿರಿ ಅಕ್ಕ?

ಕೊಟ್ಟಿಗೆ ಮನೆ

ಎಲ್ಲ ಕಿತ್ತು ಉಜ್ಜಿಸಿ, ಪ್ರೈಮರ್ ಹೊಡೆಸಿ, ಮೇಲೆ ದನದ ಮ್ಯಾಟ್ ಹಾಕಿದೆ. ಕೊಟ್ಟಿಗೆಯಲ್ಲಿ ಹಸುಗಳ ಕಾಲಿಗೆ ಹಾಸುತ್ತೇವಲ್ಲ, ಅದೇ ರಬ್ಬರ್ ಮ್ಯಾಟ್. ಮನೆಯಲ್ಲಿ ಎರಡು ಹೆಚ್ಚಿಗೆ ಇದ್ದವು. ಎಮ್ಮೆ ನಿಂತರೆ ತಡೆಯುವ ವಸ್ತು ಹಾಲಿನ ಕ್ಯಾನ್ ತಡೆಯುವುದಿಲ್ಲವೇ ಅಂತ ಯೋಚಿಸಿದೆ. ಈಗ ಎರಡನೇ ಮಳೆಗಾಲ. ಚೆನ್ನಾಗಿದೆ. ಕ್ಯಾನ್ ಜಾರುವುದಿಲ್ಲ, ಶಬ್ದವೂ ಕಡಿಮೆ. ಬೆಳಗಿನ ಜಾವ ನಾಲ್ಕೂವರೆಗೆ ಡೇರಿಗೆ ಹೊರಟರೆ ಮೊದಲು ಕ್ಯಾನುಗಳ ಗದ್ದಲಕ್ಕೆ ಕೇರಿಯ ನಾಯಿಗಳೆಲ್ಲ ಎದ್ದು ಬೊಗಳುತ್ತಿದ್ದವು. ಈಗ ಇಲ್ಲ.

ತೋಟದಾಚೆ

ದನದ ಮ್ಯಾಟ್! ನಮ್ಮ ಹೊಸ ಕೊಟ್ಟಿಗೆಗೆ ಹೇಗೂ ತರಬೇಕಿತ್ತು. ಅಳತೆ ಕೂರುತ್ತದೆಯೇ ಅಕ್ಕ?

ಕೊಟ್ಟಿಗೆ ಮನೆ

ನಮ್ಮದು ಆರೂವರೆ ಅಡಿ, ನಾಲ್ಕು ಅಡಿಯದು. ಎರಡನ್ನು ಅಡ್ಡಕ್ಕೆ ಹಾಸಿದರೆ ಉದ್ದದಲ್ಲಿ ಎಂಟು ಅಡಿ ಮುಚ್ಚುತ್ತದೆ. ಬಾಡಿಯ ಅಗಲ ಐದೂವರೆ ಅಡಿ ಅಲ್ವಾ, ಹಾಗಾಗಿ ಒಂದೊಂದರಲ್ಲಿ ಒಂದಡಿ ಕತ್ತರಿಸಬೇಕು. ಆ ಕತ್ತರಿಸಿದ ತುಂಡುಗಳೇ ಕ್ಯಾಬಿನ್ ಕಡೆ ಉಳಿದ ಒಂದಡಿಗೆ ಸಾಕಾಗುತ್ತವೆ. ಎರಡೂವರೆ ಅಡಿಯ ಒಂದು ತುಂಡು ಮಾತ್ರ ಹೆಚ್ಚಿಗೆ ಉಳಿಯುತ್ತದೆ. ಕತ್ತರಿಸುವಾಗ ಚಾಕುವಿಗೆ ಸೋಪಿನ ನೀರು ಹಚ್ಚುತ್ತಾ ಇರಿ, ಇಲ್ಲದಿದ್ದರೆ ರಬ್ಬರ್ ಚಾಕುವನ್ನು ಹಿಡಿದುಕೊಳ್ಳುತ್ತದೆ. ಒಂದು ಮ್ಯಾಟ್ ನಲವತ್ತು ಕೆಜಿ ಹತ್ತಿರ ಬರುತ್ತದೆ, ಎತ್ತಲು ಇಬ್ಬರು ಬೇಕು.

ಬೆಂಕಿಪುರ

ಅಂದರೆ ಎರಡಕ್ಕೆ ಎಂಬತ್ತು ಕೆಜಿ. ಪ್ಲೇಟಿಗಿಂತ ಮೂವತ್ತು ಕೆಜಿ ಕಡಿಮೆ ಅಷ್ಟೇ. ಆದರೂ ಇದನ್ನು ಒಪ್ಪುತ್ತೇನೆ. ಎತ್ತಿ ಒಣಗಿಸಬಹುದಲ್ಲ, ಅದೇ ದೊಡ್ಡದು. ಮ್ಯಾಟಿನ ಅಡಿಯಲ್ಲಿ ಗೀಟು ಇರುವುದನ್ನೇ ತಗೊಳ್ಳಿ. ನೀರು ಹರಿದು ಹೋಗಲು ಅದೇ ದಾರಿ.

ತುಂಗಾತೀರ

ಮ್ಯಾಟ್ ಎತ್ತಿ ಒಣಗಿಸುತ್ತೇವೆ ಅಂತ ಎಲ್ಲರೂ ಹೇಳುತ್ತಾರೆ. ಜುಲೈನಲ್ಲಿ ಎಲ್ಲಿ ಒಣಗಿಸುತ್ತೀರಿ? ನಮ್ಮ ತೀರ್ಥಹಳ್ಳಿ, ಆಗುಂಬೆ ಕಡೆ ಮಳೆ ಹಿಡಿದರೆ ಹೊದಿಕೆ ಒಣಗಲ್ಲ, ಬಟ್ಟೆ ಒಣಗಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೇಲೆ ಮಳೆ. ಬಯಲುಸೀಮೆಯ ಲೆಕ್ಕ ಇಲ್ಲಿಗೆ ನಡೆಯುವುದಿಲ್ಲ.

ಕೊಟ್ಟಿಗೆ ಮನೆ

ಬಿಸಿಲಿಗೆ ಹಾಕುವುದಲ್ಲ. ವಾರಕ್ಕೊಮ್ಮೆ ಮ್ಯಾಟ್ ಮಡಚಿ ಒಂದು ಕಡೆ ಒರಗಿಸಿ, ಪೈಪಿನಲ್ಲಿ ತೊಳೆದು, ಗಾಡಿಯನ್ನು ಮೂತಿ ಮೇಲಾಗಿ ಇಳಿಜಾರಿನಲ್ಲಿ ನಿಲ್ಲಿಸಿ ರಾತ್ರಿ ಹಾಗೇ ಬಿಡುತ್ತೇನೆ. ಬೆಳಿಗ್ಗೆ ಪಸೆ ಇರುತ್ತದೆ, ನಿಂತ ನೀರು ಇರುವುದಿಲ್ಲ. ಗೊಬ್ಬರ ತೊಳೆದು ಹೋಗಿರುತ್ತದೆ. ಅಷ್ಟು ಸಾಕು.

ಹುಲಿಕಲ್ ತಿರುವು

ಪ್ಲಾಸ್ಟಿಕ್ ಟ್ರೇ ಬಗ್ಗೆ ಯಾರೂ ಹೇಳಲಿಲ್ಲ. ನಾನು ಕುಂದಾಪುರದಿಂದ ಹುಲಿಕಲ್ ಘಾಟಿ ಹತ್ತಿಸಿ ಮೀನು ತರುತ್ತೇನೆ. ಉಪ್ಪು, ಐಸ್ ನೀರು, ಕೇಳಲೇಬೇಡಿ. ಸ್ನೇಹಿತನ ಗಾಡಿಯಲ್ಲಿ ಪ್ಲಾಸ್ಟಿಕ್ ಲೈನರ್ ಇತ್ತು. ಮೇಲೆ ತೊಳೆಯಲು ಬಹಳ ಸುಲಭ, ಸುಳ್ಳು ಹೇಳಬಾರದು. ಆದರೆ ತಗಡಿಗೂ ಅದಕ್ಕೂ ಮಧ್ಯೆ ಮರಳು ಸೇರಿಕೊಳ್ಳುತ್ತದೆ. ಗಾಡಿ ಅಲುಗಾಡಿದಾಗೆಲ್ಲ ಉಜ್ಜು ಕಾಗದದ ಹಾಗೆ ತಿಕ್ಕಿ ಬಣ್ಣ ತೆಗೆಯುತ್ತದೆ. ಅಲ್ಲಿಗೆ ಉಪ್ಪು ನೀರು ಹೋದರೆ ಮುಗಿಯಿತು.

ಇನ್ನೊಂದು, ಜಾರುವುದು. ನುಣುಪು ಪ್ಲಾಸ್ಟಿಕ್ ಒದ್ದೆಯಾದರೆ ಮೀನಿನ ಕ್ರೇಟು ಮಂಜುಗಡ್ಡೆಯ ಮೇಲೆ ಇಟ್ಟ ಹಾಗೆ. ತಿರುವಿನಲ್ಲಿ ಬ್ರೇಕ್ ಹಿಡಿದಾಗ ಅಷ್ಟೂ ಕ್ರೇಟು ಒಟ್ಟಿಗೆ ಕ್ಯಾಬಿನ್‌ಗೆ ಬಂದು ಗುದ್ದಿದರೆ ಎದೆ ಝಲ್ ಎನ್ನುತ್ತದೆ. ನಾನು ಒಂದು ಸಲ ಆ ಗಾಡಿ ಓಡಿಸಿದ್ದೆ. ಮತ್ತೆ ಮುಟ್ಟಲಿಲ್ಲ.

ಮಳೆಕಾಡು

ಅಚ್ಚಿನಲ್ಲಿ ಬರುವ ಆ ಟ್ರೇಗಳು ಹೆಚ್ಚಾಗಿ ವಿ-ಕ್ರಾಸ್, ಹೈಲಕ್ಸ್ ಅಂಥ ಗಾಡಿಗೇ. ಬೊಲೆರೊ ಪಿಕಪ್ಪಿನ ಮೂರು ಕಡೆ ಬಿಚ್ಚುವ ಬಾಡಿಗೆ ಅದು ಕೂರುವುದೂ ಇಲ್ಲ. ಭಾವನವರಿಗೆ ಹೇಳಿ.

ಘಾಟಿ ಡ್ರೈವರ್

ಹುಲಿಕಲ್ ಅಣ್ಣ ಹೇಳಿದ ಜಾರುವ ಮಾತಿಗೆ ನನ್ನ ಪೂರ್ತಿ ಬೆಂಬಲ. ಆಗುಂಬೆಯಲ್ಲಿ 14 ತಿರುವು. ಪ್ರತಿ ತಿರುವಿನಲ್ಲೂ ಲೋಡು ಎಲ್ಲಿದೆ ಅಂತ ಬೆನ್ನಿಗೆ ಗೊತ್ತಾಗುತ್ತಾ ಇರಬೇಕು. ಬಾಡಿ ಉಳಿಸುವುದಕ್ಕಿಂತ ಇದು ದೊಡ್ಡದು. ಈ ಒಂದು ಕಾರಣಕ್ಕೆ ರಬ್ಬರಿಗೆ ನಾನೂ ಒಪ್ಪಿದೆ. ಆದರೆ ಕಲ್ಲು ಹೇರುವ ದಿನ ರಬ್ಬರ್ ಮೇಲೆ ಒಂದು ಹಳೇ ಪ್ಲೈವುಡ್ ಹಾಸಿ.

ಹಳೇ ಲಾರಿ

ನನ್ನ ವಯಸ್ಸಿನವರು ಯಾರಾದರೂ ಇದ್ದಾರೆಯೇ? 80ರ ದಶಕದಲ್ಲಿ ನಾನು ಶಿವಮೊಗ್ಗದಲ್ಲಿ ಲಾರಿ ಕ್ಲೀನರ್ ಆಗಿ ಸೇರಿದೆ. ಆಗ ಲಾರಿಯ ತಳ ಮರದ ಹಲಗೆ. ಹಲಗೆ ಹಲಗೆಯ ಮಧ್ಯೆ ಸಣ್ಣ ಸಂದಿ ಇರುತ್ತಿತ್ತು. ನೀರು ನಿಲ್ಲುವ ಮಾತೇ ಇಲ್ಲ, ಸಂದಿಯಲ್ಲಿ ಇಳಿದು ಹೋಗುತ್ತಿತ್ತು. ಒಂದು ಹಲಗೆ ಕೆಟ್ಟರೆ ಒಂದನ್ನೇ ಬದಲಿಸುತ್ತಿದ್ದೆವು. ಮಳೆಗಾಲಕ್ಕೆ ಮುಂಚೆ ಹಲಗೆಗೆ ಗೇರೆಣ್ಣೆ ಹಚ್ಚುವುದು ನನ್ನ ಕೆಲಸ. ಗೇರುಬೀಜದ ಸಿಪ್ಪೆಯ ಎಣ್ಣೆ, ಕೈಗೆ ತಾಗಿದರೆ ಚರ್ಮ ಸುಲಿದು ಬರುತ್ತಿತ್ತು. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡೇ ಹಚ್ಚಬೇಕಿತ್ತು. ಗೆದ್ದಲು, ಹುಳ ಹತ್ತಿರ ಸುಳಿಯುತ್ತಿರಲಿಲ್ಲ.

ಈಗಿನ ತಗಡಿನ ಬಾಡಿಯಲ್ಲಿ ನೀರು ಹೋಗಲು ತೂತು ಎಷ್ಟಿದೆ ಅಂತ ಎಷ್ಟು ಜನ ನೋಡಿದ್ದೀರಿ? ಗೊಬ್ಬರ, ಹುಲ್ಲು ಸೇರಿ ಮುಚ್ಚಿಹೋಗಿರುತ್ತದೆ. ಒಂದು ತಂತಿ ಹಿಡಿದು ತಿಂಗಳಿಗೊಮ್ಮೆ ಬಿಡಿಸಿ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ.

ತೋಟದಾಚೆ

ಅಜ್ಜ, ಈಗಷ್ಟೇ ಹೋಗಿ ನೋಡಿ ಬಂದೆ. ಮೂಲೆಯ ಎರಡು ತೂತೂ ಜಂಬಿಟ್ಟಿಗೆ ಪುಡಿಯಿಂದ ಸಿಮೆಂಟಿನ ಹಾಗೆ ಮುಚ್ಚಿವೆ!

ತುಮರಿ ಸೇತುವೆ

ಮಾತು ಬೇರೆ ಕಡೆ ಹೋಗುತ್ತದೆ, ಕ್ಷಮಿಸಿ. ನಾವು ಶರಾವತಿ ಹಿನ್ನೀರನ್ನು ಲಾಂಚಿನಲ್ಲಿ ಪಿಕಪ್ ಹಾಕಿ ದಾಟುತ್ತಿದ್ದ ಕಾಲದಲ್ಲಿ ಗಂಟೆಗಟ್ಟಲೆ ಕ್ಯೂ ನಿಲ್ಲಬೇಕಿತ್ತು. ಅಡಿಕೆ ಚೀಲ ಹೇರಿಕೊಂಡು ಬಂದು ಕೊನೇ ಲಾಂಚ್ ತಪ್ಪಿದರೆ ರಾತ್ರಿ ಗಾಡಿಯಲ್ಲೇ. ಟಾರ್ಪಾಲಿನ ಮೇಲೆ ನಿಂತ ನೀರನ್ನು ಕೋಲಿನಿಂದ ಎತ್ತಿ ಎತ್ತಿ ಚೆಲ್ಲುತ್ತಾ ಕೂತಿದ್ದು ನೆನಪಿದೆ. 2025ರ ಜುಲೈನಲ್ಲಿ ಸೇತುವೆ ಆದ ಮೇಲೆ ಎರಡೂ ಕಾಲು ಕಿಲೋಮೀಟರ್ ಚಿಲ್ಲರೆ ದಾರಿ, ಕಣ್ಣು ಮಿಟುಕಿಸುವುದರಲ್ಲಿ ಈಚೆ ದಡ.

ಶುಂಠಿ ಗದ್ದೆ

ಸೇತುವೆ ಮೇಲೆ ಮೊದಲ ಸಲ ಹೋದಾಗ ನಮ್ಮಮ್ಮ ಕೈ ಮುಗಿದರು. ಮುಳುಗಡೆಯಲ್ಲಿ ಊರು ಬಿಟ್ಟು ಬಂದವರು ಅವರು. ಅರವತ್ತು ವರ್ಷ ಕಾದದ್ದು ಸಾರ್ಥಕ ಆಯಿತು ಎಂದರು.

ಸಸಿಮಡಿ

ಓದಿ ಕಣ್ಣು ತುಂಬಿತು. ಮತ್ತೆ ಬಾಡಿ ವಿಷಯಕ್ಕೆ ಬರುತ್ತೇನೆ. ತೋಟದಾಚೆಯವರು ಬೋರ್ಡೋ ಡ್ರಮ್ ಹೇರುತ್ತೇನೆ ಎಂದರಲ್ಲ, ಅದನ್ನು ಯಾರೂ ಗಮನಿಸಿಲ್ಲ. ಅದೇ ಎಲ್ಲಕ್ಕಿಂತ ಅಪಾಯ.

ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ಮಾಡುವಾಗ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಸುಣ್ಣ ಸಾಕಾಯಿತೇ ಅಂತ ನಮ್ಮ ಅಪ್ಪ ಕತ್ತಿ ಅದ್ದಿ ನೋಡುತ್ತಿದ್ದರು. ಹೊಳೆಯುವ ಕತ್ತಿಯ ತುದಿಯನ್ನು ಒಂದು ನಿಮಿಷ ಅದ್ದಿ ತೆಗೆದಾಗ, ಅದರ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಇನ್ನೂ ಸುಣ್ಣ ಬೇಕು. ಚಿಕ್ಕವಳಿದ್ದಾಗ ನನಗೆ ಅದು ಮ್ಯಾಜಿಕ್. ಬೂದು ಬಣ್ಣದ ಕತ್ತಿ ಅದ್ದಿದರೆ ಹೊಸ ಪೈಸೆಯ ಬಣ್ಣಕ್ಕೆ ತಿರುಗುತ್ತಿತ್ತು. ಅಲ್ಲಿ ಆಗುವುದು ಏನೆಂದರೆ, ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ, ನೀರಿನ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ.

ನಿಮ್ಮ ಪಿಕಪ್ಪಿನ ಗೀರು ಬಿದ್ದ ತಗಡಿನ ಮೇಲೆ ಮೈಲುತುತ್ತದ ನೀರು ಚೆಲ್ಲಿದರೂ ಅದೇ ಆಗುತ್ತದೆ. ಮೇಲೆ ಕೂತ ಆ ತಾಮ್ರ ಸುಮ್ನೆ ಇರುವುದಿಲ್ಲ, ಪಕ್ಕದ ಕಬ್ಬಿಣವನ್ನು ಇನ್ನೂ ಬೇಗ ತುಕ್ಕು ಹಿಡಿಸುತ್ತದೆ. ಮೈಲುತುತ್ತ ಕರಗಿಸಿದ ನೀರನ್ನು ಗಾಡಿಯಲ್ಲಿ ಸಾಗಿಸಲೇಬೇಡಿ. ಹರಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಯ್ದು ತೋಟದಲ್ಲೇ ಕರಗಿಸಿ. ಬೆರೆಸಿದ ಡ್ರಮ್ ಸಾಗಿಸಲೇಬೇಕಾದರೆ ಮುಚ್ಚಳ ಬಿಗಿ ಇರುವುದು ನೋಡಿ, ಬಂದ ತಕ್ಷಣ ತೊಳೆಯಿರಿ.

ಬೆಂಕಿಪುರ

ಸಸಿಮಡಿ ಅಕ್ಕ, ಎಷ್ಟು ಚೆನ್ನಾಗಿ ಹೇಳಿದಿರಿ. ಪೊಟ್ಯಾಷ್ ಕೂಡ ಸೇರಿಸಿ. ಅಡಿಕೆಗೆ ಮರಕ್ಕೆ ವರ್ಷಕ್ಕೆ ಸಾರಜನಕ 100 ಗ್ರಾಂ, ರಂಜಕ 40, ಪೊಟ್ಯಾಷ್ 140 ಅಂತ ಶಿಫಾರಸು. ಜಾಸ್ತಿ ಹೇರುವುದೇ ಪೊಟ್ಯಾಷ್. ಅದು ಕ್ಲೋರೈಡ್, ಅಡುಗೆ ಉಪ್ಪಿನ ಅಣ್ಣ. ಚೀಲ ಹರಿದು ನಾಲ್ಕು ಹಿಡಿ ಚೆಲ್ಲಿ ಮೂಲೆಯಲ್ಲಿ ಉಳಿದರೆ, ಗಾಳಿಯ ತೇವ ಎಳೆದು ತಾನೇ ನೀರಾಗುತ್ತದೆ. ಮೀನಿನ ಗಾಡಿಗೂ ತೋಟದ ಗಾಡಿಗೂ ವ್ಯತ್ಯಾಸ ಇಲ್ಲ.

ತುಂಗಾತೀರ

ಬೇಯಿಸಿದ ಅಡಿಕೆ ಹೇರಿದಾಗ ಚೊಗರು ಸೋರಿ ತಳ ಪೂರ್ತಿ ಕಪ್ಪಾಗಿದೆ ನಮ್ಮದು. ಎಷ್ಟು ತಿಕ್ಕಿದರೂ ಹೋಗಲ್ಲ. ಅದೂ ತುಕ್ಕೇ?

ಸಸಿಮಡಿ

ತುಕ್ಕಲ್ಲ, ಮಸಿ. ಚೊಗರಿನ ಒಗರು ಅಂಶ ಕಬ್ಬಿಣದ ಜೊತೆ ಸೇರಿದರೆ ಕಪ್ಪಾಗುತ್ತದೆ. ಹಿಂದೆ ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದದ್ದು ಇದೇ ಗುಟ್ಟಿನಿಂದ. ಕಪ್ಪು ಬಂದಿದೆ ಅಂದರೆ ಅಲ್ಲಿ ಬಣ್ಣ ಹೋಗಿ ಕಬ್ಬಿಣ ತೆರೆದಿದೆ ಅಂತ ಅರ್ಥ. ಅಲ್ಲಿ ಪ್ರೈಮರ್ ಹಚ್ಚಿ.

ಹೊಳೆ ಬಾಗಿಲು

ಇಷ್ಟೆಲ್ಲ ಯಾಕೆ? ಗ್ಯಾರೇಜಿನಿಂದ ಹಳೇ ಎಂಜಿನ್ ಆಯಿಲ್ ತಂದು ತಳಕ್ಕೆ, ಅಡಿಗೆ ಬಳಿದುಬಿಡಿ. ನಮ್ಮ ಅಪ್ಪನ ಕಾಲದಿಂದ ಮಾಡುತ್ತಿದ್ದೇವೆ.

ಕೊಟ್ಟಿಗೆ ಮನೆ

ಬೇಡ ಅಣ್ಣ. ಮಳೆಗೆ ಆ ಎಣ್ಣೆ ತೊಳೆದು ಹೋಗಿ ಸೇರುವುದು ನಮ್ಮದೇ ತೋಟಕ್ಕೆ, ನಮ್ಮದೇ ಹಳ್ಳಕ್ಕೆ. ದನಕ್ಕೆ ಹುಲ್ಲು ತರುವ ಗಾಡಿ ಅದು. ಎಣ್ಣೆ ತಾಗಿದ ಹುಲ್ಲನ್ನು ಹಸು ಮೂಸಿಯೂ ನೋಡಲ್ಲ. ಮೇಲಾಗಿ ಎಣ್ಣೆ ತಾಗಿದರೆ ರಬ್ಬರ್ ಉಬ್ಬಿ ಕೆಡುತ್ತದೆ.

ಹೊಳೆ ಬಾಗಿಲು

ಹಳ್ಳದ ಮಾತು ಸರಿ. ಅದನ್ನು ಯೋಚಿಸಿರಲಿಲ್ಲ.

ಘಾಟಿ ಡ್ರೈವರ್

ಗಣಿಯಲ್ಲಿ ಓಡಿದ ಹಳೇ ಕನ್ವೇಯರ್ ಬೆಲ್ಟ್ ಸಿಕ್ಕರೆ ದನದ ಮ್ಯಾಟಿಗಿಂತ ಗಟ್ಟಿ.

ವೆಲ್ಡಿಂಗ್ ಶೆಡ್

ಗಟ್ಟಿ ಹೌದು. ಆದರೆ ಒಳಗೆ ಬಟ್ಟೆಯ ಪದರ ಇರುತ್ತದೆ. ಕತ್ತರಿಸಿದ ಅಂಚಿನಿಂದ ಅದು ದೀಪದ ಬತ್ತಿಯ ಹಾಗೆ ನೀರು ಹೀರುತ್ತದೆ, ತಿಂಗಳಾದರೂ ಒಣಗಲ್ಲ. ಅಡಿ ಬೇರೆ ನುಣುಪು, ತಗಡಿಗೆ ಅಂಟಿ ಕೂರುತ್ತದೆ. ಕಲ್ಲು ಕ್ವಾರಿ ಗಾಡಿಗೆ ಸರಿ, ತೋಟದ ಗಾಡಿಗೆ ಬೇಡ. ಪ್ಲೈವುಡ್ ಹಾಸುವುದಾದರೆ ಐಎಸ್ 710 ಅಂತ ಮುದ್ರೆ ಇರುವ ಮರೈನ್ ಪ್ಲೈ ತಗೊಳ್ಳಿ. 303 ಇರುವುದು ನಮ್ಮ ಮಳೆಗೆ ಬಿಚ್ಚಿಕೊಳ್ಳುತ್ತದೆ.

ಆಟೋ ಕಾಂಪ್ಲೆಕ್ಸ್ ಪೇಂಟರ್

ತೋಟದಾಚೆಯವರಿಗೆ, ಈಗ ನೀವು ಮಾಡಬಹುದಾದದ್ದು ಇಷ್ಟು. ಒಂದು ಒಳ್ಳೇ ಬಿಸಿಲಿನ ದಿನ ಹಿಡಿಯಿರಿ. ಕೆಂಪಾದ ಜಾಗವನ್ನೆಲ್ಲ ತಂತಿ ಬ್ರಷ್ಷಿನಿಂದ ತಿಕ್ಕಿ. ಸಂದಿಯಲ್ಲಿ ಉಳಿದ ತುಕ್ಕಿಗೆ ರಸ್ಟ್ ಕನ್ವರ್ಟರ್ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಡಿ. ಮೇಲೆ ಎರಡು ಕೈ ಎಪಾಕ್ಸಿ ಪ್ರೈಮರ್. ರೆಡ್ ಆಕ್ಸೈಡ್ ಬೇಡ, ಅದು ನೀರನ್ನು ಎಪಾಕ್ಸಿಯಷ್ಟು ತಡೆಯುವುದಿಲ್ಲ. ಎಪಾಕ್ಸಿ ಬಿಸಿಲಿಗೆ ಪುಡಿ ಪುಡಿ ಆಗುತ್ತದೆ, ಆದರೆ ನಿಮ್ಮದು ಮ್ಯಾಟಿನ ಅಡಿ ಇರುವುದರಿಂದ ಚಿಂತೆ ಇಲ್ಲ. ಬ್ರಷ್ಷಿನಲ್ಲೇ ಹಚ್ಚಿ, ಮನೆ ಅಂಗಳದಲ್ಲಿ ಗನ್ ಹಿಡಿಯಬೇಡಿ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗ ಬರೀ ಕರ್ಚೀಫ್ ಕಟ್ಟಿಕೊಂಡು ಪಾಲಿಯೂರಿಥೇನ್ ಹೊಡೆಯುತ್ತಿದ್ದ. ಈಗ ಅವನಿಗೆ ಉಬ್ಬಸ. ಡಬ್ಬಿ ತೆರೆದರೆ ಸಾಕು ಎದೆ ಹಿಡಿಯುತ್ತದೆ. ಒಂದು ಸಲ ಐಸೋಸಯನೇಟ್ ಮೈಗೆ ಒಗ್ಗದಂತಾದರೆ ಆಮೇಲೆ ಚೂರು ತಾಗಿದರೂ ಬರುತ್ತದೆ. ಅವನು ಪೇಂಟಿಂಗ್ ಬಿಡಬೇಕಾಯಿತು. ಯಾರಾದರೂ ಸ್ಪ್ರೇ ಕೆಲಸ ಮಾಡಿಸಿದರೆ ಹೊಡೆಯುವ ಹುಡುಗನ ಮುಖಕ್ಕೆ ಸರಿಯಾದ ಮಾಸ್ಕ್ ಇದೆಯೇ ಅಂತ ನೀವೂ ನೋಡಿ. ಗಿರಾಕಿ ಕೇಳಿದರೆ ಮಾಲೀಕರು ತರಿಸುತ್ತಾರೆ.

ಮಳೆಕಾಡು

ಕೇಳಿ ಬೇಸರ ಆಯಿತು. ನಾನು ಮಾಡಿಸಿದಾಗ ಅದನ್ನು ನೋಡಲೇ ಇಲ್ಲ.

ತೋಟದಾಚೆ

ಎಲ್ಲರಿಗೂ ಎಷ್ಟು ಹೇಳಿದರೂ ಕಡಿಮೆ. ಈ ಭಾನುವಾರ ತಿಕ್ಕಿ ಎಪಾಕ್ಸಿ ಹಚ್ಚುತ್ತೇನೆ. ಕೊಟ್ಟಿಗೆಗೆ ಆರು ಮ್ಯಾಟ್ ಹೇಳಿದ್ದೆ, ಎಂಟು ತರಿಸುತ್ತೇನೆ.

ತೋಟದಾಚೆ (ಆಗಸ್ಟ್ 12)

ಹೇಗಾಯಿತು ಅಂತ ತಿಳಿಸಬೇಕಿತ್ತು, ಮದ್ದು ಹೊಡೆಯುವ ಗಡಿಬಿಡಿಯಲ್ಲಿ ತಡವಾಯಿತು. ರೋಹಿಣಿಯಿಂದ ಆಶ್ಲೇಷಾವರೆಗೆ ಗಾಡಿ ಒಂದು ದಿನವೂ ನಿಂತಿಲ್ಲ. ನಿನ್ನೆ ಮಳೆ ಸ್ವಲ್ಪ ಹೊಳವಾಗಿತ್ತು, ನಾನೂ ತಮ್ಮನೂ ಸೇರಿ ಮ್ಯಾಟ್ ಎತ್ತಿದೆವು. ಅಡಿಯಲ್ಲಿ ಕೆಸರು ಇತ್ತು, ಎರಡು ಎರೆಹುಳ ಇದ್ದವು, ಒಂದು ಅಡಿಕೆ ಮೊಳಕೆ ಒಡೆದಿತ್ತು. ಪೈಪ್ ಹಿಡಿದು ತೊಳೆದ ಮೇಲೆ ಬೂದು ಬಣ್ಣದ ಪ್ರೈಮರ್ ಹಾಗೇ ಕಂಡಿತು. ಕ್ಯಾಬಿನ್ ಕಡೆ ಎಡ ಮೂಲೆಯಲ್ಲಿ ಮಾತ್ರ ಅಂಗೈ ಅಗಲ ತುಕ್ಕು. ಅಲ್ಲಿ ಮ್ಯಾಟಿನ ತುಂಡು ಸರಿದು ಪೊಟ್ಯಾಷ್ ಸೇರಿಕೊಂಡಿತ್ತು. ತಿಕ್ಕಿ ಮತ್ತೆ ಹಚ್ಚಿದ್ದೇನೆ. ಬೋರ್ಡೋ ಡ್ರಮ್ ಈ ಸಲ ಗಾಡಿಗೆ ಹತ್ತಿಸಲೇ ಇಲ್ಲ, ತೋಟದಲ್ಲೇ ಕರಗಿಸಿದೆವು.

ಕೊಟ್ಟಿಗೆ ಮನೆ

ಬಹಳ ಖುಷಿಯಾಯಿತು. ಆ ಸಣ್ಣ ತುಂಡುಗಳು ಸರಿಯುವುದು ನನಗೂ ಆಗಿತ್ತು. ದೊಡ್ಡ ಮ್ಯಾಟಿನ ಅಂಚಿಗೂ ತುಂಡಿಗೂ ತೂತು ಮಾಡಿ ನೈಲಾನ್ ಹಗ್ಗದಲ್ಲಿ ಹೊಲಿದುಬಿಡಿ.

ತೋಟದಾಚೆ

ಹೊಲಿಗೆ ಬಿಗಿ ಇರಬೇಕೇ ಅಕ್ಕ, ಸಡಿಲವೇ?

ಕೊಟ್ಟಿಗೆ ಮನೆ

ಸಡಿಲ ಇರಲಿ, ಒಂದು ಬೆರಳು ಸಂದಿ ಬಿಡಿ. ನೀರು ಅಲ್ಲೇ ಇಳಿಯಲಿ.